ಸ್ವಸಹಾಯ ಸಂಘ ಕಟ್ಟುವುದು ಹೇಗೆ? ಮೊದಲ ಸಭೆಯಿಂದ ಬ್ಯಾಂಕ್ ಸಾಲದವರೆಗೆ

ಸಂಘ ಮಾಡಿದರೆ ಎಷ್ಟು ಸಾಲ ಸಿಗುತ್ತದೆ, ಎಷ್ಟು ದಿನಕ್ಕೆ ಸಿಗುತ್ತದೆ, ಯಾರನ್ನು ಕೇಳಬೇಕು? ಓದುಗರು ಮತ್ತೆ ಮತ್ತೆ ಕೇಳುವುದು ಇವನ್ನೇ. ಮೂರಕ್ಕೂ ಉತ್ತರ ಇಲ್ಲಿದೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಸಾಲಕ್ಕಾಗಿಯೇ ಕಟ್ಟಿದ ಸಂಘ ಸಾಲ ಸಿಕ್ಕ ಮೇಲೆ ಒಡೆದುಹೋಗುತ್ತದೆ. ತಮ್ಮ ದುಡ್ಡನ್ನು ತಾವೇ ಕೂಡಿಟ್ಟು, ತಮ್ಮೊಳಗೇ ಸಾಲ ಕೊಟ್ಟು, ಲೆಕ್ಕ ಸರಿಯಾಗಿ ಬರೆದಿಟ್ಟ ಸಂಘವನ್ನು ಬ್ಯಾಂಕಿನವರೇ ಕರೆದು ಮಾತಾಡಿಸುತ್ತಾರೆ. ಕೆಳಗಿನ ಎಂಟು ಹಂತಗಳಲ್ಲಿ ಸಾಲಕ್ಕಾಗಿ ಬ್ಯಾಂಕಿನ ಮೆಟ್ಟಿಲು ಹತ್ತುವುದು ಆರನೆಯದರಲ್ಲಿ. ಅದಕ್ಕೆ ಮೊದಲಿನ ಐದನ್ನು ಹಾರಿಸಿದರೆ ಆರನೆಯದು ನಡೆಯುವುದಿಲ್ಲ.

ಈ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಸಣ್ಣ ಗುಂಪುಗಳನ್ನು ಕಟ್ಟಿತು. 1987ರಲ್ಲಿ ನಬಾರ್ಡ್ (ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) ಆ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಅದರ ಅನುಭವದ ಮೇಲೆ 1992ರಲ್ಲಿ ದೇಶದಾದ್ಯಂತ 500 ಗುಂಪುಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಯೋಜನೆ ಶುರುವಾಯಿತು. 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು, 2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಬಂತು. ಈ ಅಭಿಯಾನಕ್ಕೆ ನಮ್ಮಲ್ಲಿರುವ ಹೆಸರು 'ಸಂಜೀವಿನಿ'. ಈ ಲೇಖನ ಹಳ್ಳಿಯ ಸಂಜೀವಿನಿ ಸಂಘಗಳ ಬಗ್ಗೆ. ಪಟ್ಟಣದವರು ತಮ್ಮ ಪುರಸಭೆ ಅಥವಾ ನಗರಸಭೆಯಲ್ಲಿ ವಿಚಾರಿಸಬೇಕು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ

ಖಾಸಗಿ ಮೈಕ್ರೋಫೈನಾನ್ಸ್ ಕಂಪನಿಗಳು ಐದಾರು ಹೆಂಗಸರನ್ನು ಸೇರಿಸಿ, ಒಬ್ಬರಿಗೊಬ್ಬರು ಜಾಮೀನು ಹಾಕಿಸಿ, ವಾರದ ಕಂತಿನ ಸಾಲ ಕೊಡುತ್ತವೆ. ಊರಲ್ಲಿ ಅದನ್ನೂ 'ಸಂಘ' ಎಂದೇ ಕರೆಯುತ್ತಾರೆ, ಆದರೆ ಅದು ಸ್ವಸಹಾಯ ಸಂಘವಲ್ಲ. ಅಲ್ಲಿ ದುಡ್ಡು ಕಂಪನಿಯದು, ನಿಯಮವೂ ಕಂಪನಿಯದು, ಬಡ್ಡಿಯೂ ಅವರಿಗೇ ಹೋಗುತ್ತದೆ. ಸ್ವಸಹಾಯ ಸಂಘದಲ್ಲಿ ಉಳಿತಾಯ ನಿಮ್ಮದು, ಬಡ್ಡಿ ದರ ನಿಗದಿ ಮಾಡುವವರು ನೀವು, ಬಂದ ಬಡ್ಡಿ ಉಳಿಯುವುದೂ ನಿಮ್ಮ ಸಂಘದಲ್ಲೇ. ಯಾರಾದರೂ ಬಂದು "ಆಧಾರ್ ಕೊಡಿ, ನಾಳೆಯೇ ಸಾಲ" ಎಂದರೆ ಅದು ಯಾವುದು ಎಂದು ಕೇಳಿ ತಿಳಿದುಕೊಂಡೇ ಸಹಿ ಹಾಕಿ.

1. ಯಾರನ್ನು ಭೇಟಿ ಮಾಡಬೇಕು

ನಿಮ್ಮ ಗ್ರಾಮ ಪಂಚಾಯತಿ ಕಚೇರಿಗೆ ಹೋಗಿ 'ಸಂಜೀವಿನಿ ಒಕ್ಕೂಟ ಎಲ್ಲಿದೆ, ಎಂಬಿಕೆ ಯಾರು' ಎಂದು ಕೇಳಿ. ಒಕ್ಕೂಟ ಎಂದರೆ ಪಂಚಾಯತಿ ವ್ಯಾಪ್ತಿಯ ಎಲ್ಲ ಸ್ವಸಹಾಯ ಸಂಘಗಳು ಸೇರಿ ತಾವೇ ನಡೆಸುವ ಸಂಸ್ಥೆ. ಎಂಬಿಕೆ ಎಂದರೆ ಅದರ ಮುಖ್ಯ ಪುಸ್ತಕ ಬರಹಗಾರರು. ಅವರೂ ಒಂದು ಸಂಘದ ಸದಸ್ಯೆಯೇ ಆಗಿರುತ್ತಾರೆ. ಮನೆ ಮನೆಗೆ ಬಂದು ಸಂಘ ಕಟ್ಟಲು ನೆರವಾಗುವವರನ್ನು ಎಲ್‌ಸಿಆರ್‌ಪಿ, ಅಂದರೆ ಸ್ಥಳೀಯ ಸಮುದಾಯ ಸಂಪನ್ಮೂಲ ವ್ಯಕ್ತಿ ಎನ್ನುತ್ತಾರೆ. ಪಂಚಾಯತಿಯಲ್ಲಿ ಉತ್ತರ ಸಿಗದಿದ್ದರೆ ತಾಲ್ಲೂಕು ಪಂಚಾಯತಿ ಕಚೇರಿಯ ಸಂಜೀವಿನಿ ಘಟಕಕ್ಕೆ ಹೋಗಿ.

ಸಂಘ ನೋಂದಾಯಿಸಲು, ಸುತ್ತುನಿಧಿ (ಸಂಘಕ್ಕೆ ಸಂಜೀವಿನಿಯಿಂದ ಬರುವ ಬಂಡವಾಳ) ಕೊಡಿಸಲು, ಸಾಲದ ಕಡತ ಮಾಡಿಕೊಡಲು ಯಾರಾದರೂ ಕಮಿಷನ್ ಕೇಳಿದರೆ ಕೊಡಬೇಡಿ. ಇದಕ್ಕೆ ಶುಲ್ಕವಿಲ್ಲ.

2. ಸದಸ್ಯರ ಆಯ್ಕೆ

ಒಂದು ಸಂಘದಲ್ಲಿ 10ರಿಂದ 20 ಮಂದಿ ಇರಬೇಕು. ಗುಡ್ಡಗಾಡು ಪ್ರದೇಶ, ಅಂಗವಿಕಲರ ಗುಂಪು ಇಂಥ ವಿಶೇಷ ಸಂದರ್ಭದಲ್ಲಿ 5 ಮಂದಿ ಇದ್ದರೂ ಆಗುತ್ತದೆ. 12 ಅಥವಾ 13 ಹದವಾದ ಸಂಖ್ಯೆ. ಹತ್ತೇ ಜನ ಇಟ್ಟುಕೊಂಡರೆ ಒಬ್ಬರು ಬಿಟ್ಟುಹೋದರೂ ಸಂಘ ಮಿತಿಗಿಂತ ಕೆಳಗೆ ಬೀಳುತ್ತದೆ. ಇಪ್ಪತ್ತಾದರೆ ಸಭೆ ಉದ್ದವಾಗಿ, ಹಿಂದೆ ಕೂತವರಿಗೆ ಲೆಕ್ಕ ಕೇಳಿಸುವುದಿಲ್ಲ.

ಒಂದು ಮನೆಗೆ ಒಬ್ಬರು. ವಯಸ್ಸು 18 ತುಂಬಿರಬೇಕು. ಒಬ್ಬರು ಎರಡು ಸ್ವಸಹಾಯ ಸಂಘದಲ್ಲಿ ಇರುವಂತಿಲ್ಲ. ಒಂದೇ ಕೇರಿಯವರು, ನಡೆದು ಐದು ಹತ್ತು ನಿಮಿಷದಲ್ಲಿ ಸಭೆಗೆ ಬರುವಂಥವರು ಇದ್ದರೆ ಹಾಜರಿ ತಪ್ಪುವುದಿಲ್ಲ. ಕೂಲಿಗೆ ಹೋಗುವವರು, ಒಂಟಿ ಹೆಂಗಸರು, ಭೂಮಿ ಇಲ್ಲದವರು ಮೊದಲು ಒಳಗೆ ಬರಬೇಕು. ಉಳ್ಳವರು ನಾಲ್ಕು ಮಂದಿ ಸೇರಿ, ಸಂಖ್ಯೆ ತುಂಬಿಸಲು ಬಡವರ ಹೆಸರು ಬರೆದುಕೊಳ್ಳುವುದು ಬಹಳ ಕಡೆ ನಡೆಯುತ್ತದೆ. ಅಂಥ ಸಂಘದಲ್ಲಿ ಸಾಲವೆಲ್ಲ ಆ ನಾಲ್ಕು ಮನೆಗೆ ಹೋಗಿ, ಸುಸ್ತಿಯ ಹೆಸರು ಮಾತ್ರ ಹನ್ನೆರಡೂ ಜನಕ್ಕೆ ಬರುತ್ತದೆ.

ಮೊದಲ ಸಭೆಯಲ್ಲಿ ನಾಲ್ಕು ವಿಷಯ ತೀರ್ಮಾನಿಸಿ ನಡಾವಳಿಯಲ್ಲಿ ಬರೆಯಿರಿ: ಸಂಘದ ಹೆಸರು, ಸಭೆಯ ವಾರ ಮತ್ತು ಹೊತ್ತು, ಉಳಿತಾಯದ ಮೊತ್ತ, ಪದಾಧಿಕಾರಿಗಳು. ಪದಾಧಿಕಾರಿಗಳೆಂದರೆ ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಖಜಾಂಚಿ. ಕೆಲವು ಕಡೆ ಪ್ರತಿನಿಧಿ 1, ಪ್ರತಿನಿಧಿ 2 ಎನ್ನುತ್ತಾರೆ. ಇವರನ್ನು ಎಷ್ಟು ಅವಧಿಗೊಮ್ಮೆ ಬದಲಾಯಿಸುತ್ತೀರಿ ಎಂಬುದನ್ನೂ ಅಂದೇ ಬರೆದಿಡಿ. ಆಮೇಲೆ ಬದಲಾಯಿಸಲು ಹೋದರೆ ಅದು ಜಗಳವಾಗಿ ಕಾಣುತ್ತದೆ, ಮೊದಲೇ ಬರೆದಿದ್ದರೆ ಬರೀ ನಿಯಮ.

3. ಉಳಿತಾಯ ಖಾತೆ

ಸಂಘದ ಹೆಸರಿನಲ್ಲಿ ಹತ್ತಿರದ ಬ್ಯಾಂಕ್ ಶಾಖೆಯಲ್ಲಿ ಉಳಿತಾಯ ಖಾತೆ ತೆರೆಯಬೇಕು. ಬೇಕಾಗುವುದು ಖಾತೆ ತೆರೆಯುವ ಠರಾವಿನ ಪ್ರತಿ, ಸದಸ್ಯರ ಪಟ್ಟಿ, ಪದಾಧಿಕಾರಿಗಳ ಆಧಾರ್ ಮತ್ತು ಫೋಟೋ, ಸಂಘದ ಮೊಹರು. ಹನ್ನೆರಡೂ ಜನರ ದಾಖಲೆ ತನ್ನಿ ಎಂದು ಕೌಂಟರಿನಲ್ಲಿ ವಾಪಸ್ ಕಳಿಸಿದರೆ, ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಂತೆ ಖಾತೆ ತೆರೆಯುವ ಹಂತದಲ್ಲಿ ಪದಾಧಿಕಾರಿಗಳ ದಾಖಲೆ ಪರಿಶೀಲಿಸಿದರೆ ಸಾಕು ಎಂಬುದನ್ನು ತಿಳಿಸಿ. (ಕೆವೈಸಿ ಎಂದರೆ ಗ್ರಾಹಕರ ಗುರುತಿನ ಪರಿಶೀಲನೆ.) ಎಲ್ಲರ ದಾಖಲೆ ಬೇಕಾಗುವುದು ಸಾಲದ ಹಂತದಲ್ಲಿ.

ಹಣ ತೆಗೆಯಲು ಇಬ್ಬರ ಸಹಿ ಕಡ್ಡಾಯವಿರಲಿ. ಖಾಲಿ ಚೆಕ್ಕಿಗೆ ಅಥವಾ ಹಣ ತೆಗೆಯುವ ಖಾಲಿ ಚೀಟಿಗೆ ಮುಂಚಿತವಾಗಿ ಸಹಿ ಹಾಕಿ ಇನ್ನೊಬ್ಬರ ಕೈಗೆ ಕೊಡಲೇಬೇಡಿ. 'ಪದೇ ಪದೇ ಬರೋಕಾಗಲ್ಲ, ಐದು ಹಾಳೆಗೆ ಒಟ್ಟಿಗೆ ಹಾಕಿಬಿಡಿ' ಎಂಬ ಸಲಿಗೆಯಿಂದಲೇ ಸಂಘದ ದುಡ್ಡು ಕಾಣೆಯಾಗುವುದು.

4. ಪಂಚಸೂತ್ರ ಮತ್ತು ವಾರದ ಸಭೆ

ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ. ಈ ಐದನ್ನು ಪಂಚಸೂತ್ರ ಎನ್ನುತ್ತಾರೆ. ಮುಂದೆ ಸುತ್ತುನಿಧಿಯಾಗಲಿ ಬ್ಯಾಂಕ್ ಸಾಲವಾಗಲಿ, ಸಂಘಕ್ಕೆ ಅಂಕ ಬೀಳುವುದು ಇವುಗಳ ಮೇಲೆಯೇ.

ಉಳಿತಾಯದ ಮೊತ್ತವನ್ನು ಗುಂಪಿನಲ್ಲಿ ಅತಿ ಬಡವರಾದವರು ಬೇಸಿಗೆಯಲ್ಲಿ, ಕೂಲಿ ಇಲ್ಲದ ವಾರದಲ್ಲೂ ಕಟ್ಟಬಲ್ಲಷ್ಟಕ್ಕೆ ಇಡಿ. ಸುಗ್ಗಿಯ ವಾರ ನೋಡಿ 200 ರೂಪಾಯಿ ಎಂದು ನಿಗದಿ ಮಾಡಿದರೆ ಮೂರನೇ ತಿಂಗಳಿಗೆ ಬಾಕಿ ಶುರುವಾಗುತ್ತದೆ.

ಒಂದು ಸಭೆಯ ಲೆಕ್ಕ ಹೇಗಿರಬೇಕು ನೋಡಿ. 12 ಸದಸ್ಯರು, ವಾರಕ್ಕೆ ತಲಾ 50 ರೂಪಾಯಿ ಉಳಿತಾಯ.

ಹಿಂದಿನ ವಾರದ ಕೈಶಿಲ್ಕು: 350
ಈ ವಾರದ ಉಳಿತಾಯ: 600
ಸಾಲದ ಅಸಲು ಮರುಪಾವತಿ: 1,500
ಬಡ್ಡಿ: 120
ತಡವಾಗಿ ಬಂದವರ ದಂಡ: 10
ಒಟ್ಟು: 2,580
ಈ ವಾರ ಕೊಟ್ಟ ಹೊಸ ಸಾಲ: 2,000
ಕೈಶಿಲ್ಕು: 580

ಸಭೆ ಮುಗಿಯುವ ಮೊದಲು ಈ 580 ರೂಪಾಯಿಯನ್ನು ಎಲ್ಲರೆದುರು ಎಣಿಸಿ, ನಗದು ಪುಸ್ತಕದ ಅಂಕಿಯೊಂದಿಗೆ ತಾಳೆ ನೋಡಿ, ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಓದು ಬಾರದವರಿಗೂ ತಮ್ಮ ಹೆಸರು ಮತ್ತು ಮೊತ್ತ ಕಿವಿಗೆ ಬೀಳಬೇಕು. ಹಣದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ ಇರಲಿ. ಇದು ಅಪನಂಬಿಕೆಯಲ್ಲ. ಪೆಟ್ಟಿಗೆ ಇಟ್ಟುಕೊಂಡವರ ಮೇಲೆ ನಾಳೆ ಯಾರೂ ಬೆರಳು ತೋರಿಸದಂತೆ ಕಾಯುವುದೇ ಈ ಬೀಗ.

ಪುಸ್ತಕಗಳು ಇಷ್ಟು ಬೇಕು: ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯದ ಪುಸ್ತಕ, ಸಾಲದ ಲೆಡ್ಜರ್, ಪ್ರತಿ ಸದಸ್ಯರ ಕೈಯಲ್ಲಿ ಪಾಸ್‌ಬುಕ್. ಸದಸ್ಯರ ಪಾಸ್‌ಬುಕ್ಕುಗಳನ್ನು ಒಟ್ಟು ಕಟ್ಟಿ ಪುಸ್ತಕ ಬರೆಯುವವರ ಮನೆಯಲ್ಲಿ ಇಡುವ ರೂಢಿ ಹಲವೆಡೆ ಇದೆ, ಅದನ್ನು ಬಿಡಿ. ಬರೆಯುವವರು ಹೊರಗಿನವರಾದರೆ ಅವರಿಗೆ ಸಂಘದಿಂದ ಸಣ್ಣ ಗೌರವಧನ ಕೊಡಿ, ಇಲ್ಲದಿದ್ದರೆ ಎರಡು ತಿಂಗಳಿಗೊಮ್ಮೆ ಒಟ್ಟಿಗೆ ಬರೆಯುವ ಅಭ್ಯಾಸ ಬೆಳೆಯುತ್ತದೆ. ಒಂದೇ ಪೆನ್ನಿನಲ್ಲಿ, ಒಂದೇ ಕೂರಿಕೆಯಲ್ಲಿ ಬರೆದ ಎಂಟು ವಾರದ ಲೆಕ್ಕವನ್ನು ಬ್ಯಾಂಕಿನವರು ಪುಟ ತಿರುಗಿಸಿದ ಕೂಡಲೇ ಗುರುತಿಸುತ್ತಾರೆ.

ಆಂತರಿಕ ಸಾಲದ ಬಡ್ಡಿಯಲ್ಲಿ ಬಹುತೇಕ ಸಂಘಗಳು ಎಡವುತ್ತವೆ. 6,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ, 600 ರೂಪಾಯಿಯ 10 ಕಂತು ಎಂದುಕೊಳ್ಳಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ಮೊದಲ ತಿಂಗಳು 90, ಎರಡನೇ ತಿಂಗಳು 81, ಹೀಗೆ ಇಳಿಯುತ್ತಾ ಒಟ್ಟು 495 ರೂಪಾಯಿ. ಕೊನೆಯವರೆಗೂ ಪೂರ್ತಿ 6,000ದ ಮೇಲೆಯೇ ಹಾಕಿದರೆ 900 ರೂಪಾಯಿ. ಎರಡರಲ್ಲೂ ಬಾಯಲ್ಲಿ ಹೇಳುವುದು 'ಒಂದೂವರೆ ರೂಪಾಯಿ ಬಡ್ಡಿ' ಎಂದೇ. ಉಳಿದ ಅಸಲಿನ ಮೇಲಿನ ಬಡ್ಡಿಯನ್ನೇ ಹಾಕಿ.

ಉಳಿತಾಯವನ್ನು ಬ್ಯಾಂಕಿನಲ್ಲಿ ಹಾಗೆಯೇ ಬಿಡಬೇಡಿ. ನಾಲ್ಕನೇ ಐದನೇ ವಾರದಿಂದ ಸಣ್ಣ ಸಾಲ ಕೊಡಲು ಶುರು ಮಾಡಿ: ಶಾಲೆ ಪುಸ್ತಕ, ಆಸ್ಪತ್ರೆ, ಬಿತ್ತನೆ ಬೀಜ. 1,000 ರೂಪಾಯಿ ತೆಗೆದುಕೊಂಡು ವಾಪಸ್ ಕಟ್ಟಿದ ದಾಖಲೆಯೇ ಮುಂದೆ ಲಕ್ಷದ ಸಾಲಕ್ಕೆ ಆಧಾರ. ದುಡ್ಡೆಲ್ಲ ಖಾತೆಯಲ್ಲಿ ಮುಟ್ಟದೆ ಬಿದ್ದಿರುವ ಸಂಘಕ್ಕೆ ಅಂಕ ಕಡಿಮೆ ಬೀಳುತ್ತದೆ. ಹೆಚ್ಚು ಉಳಿಸಿದ್ದೇವೆ ಎಂದು ಹೆಮ್ಮೆಪಡುವ ಸಂಘಗಳು ಇದನ್ನು ಕೇಳಿ ಬೆಚ್ಚುತ್ತವೆ.

5. ಸುತ್ತುನಿಧಿ, ಸಮುದಾಯ ಬಂಡವಾಳ ನಿಧಿ

ಮೂರರಿಂದ ಆರು ತಿಂಗಳು ಪಂಚಸೂತ್ರ ಪಾಲಿಸಿದ ಸಂಘಕ್ಕೆ ಸಂಜೀವಿನಿಯಿಂದ ಸುತ್ತುನಿಧಿ ಬರುತ್ತದೆ. ಈಗಿನ ಮೊತ್ತ 20,000ದಿಂದ 30,000 ರೂಪಾಯಿ. ಇದನ್ನು ಸಂಘ ಮರಳಿಸಬೇಕಿಲ್ಲ, ಹಾಗೆಂದು ಹಂಚಿಕೊಳ್ಳುವುದಕ್ಕೂ ಅಲ್ಲ. ಸದಸ್ಯರಿಗೆ ಸಾಲವಾಗಿ ಹೋಗಿ, ಬಡ್ಡಿಯೊಂದಿಗೆ ಸಂಘಕ್ಕೆ ಮರಳಿ, ಮತ್ತೊಬ್ಬರಿಗೆ ಹೋಗಬೇಕು. 24,000 ಬಂದರೆ ತಲಾ 2,000 ಎಂದು ಹಂಚಿದ ಸಂಘದ ಬಂಡವಾಳ ಅಂದೇ ಕರಗುತ್ತದೆ. ಬ್ಯಾಂಕ್ ಸಾಲದ ಲೆಕ್ಕವೂ ಆ ಬಂಡವಾಳದ ಮೇಲೆಯೇ ನಿಂತಿರುವುದರಿಂದ ಆಗುವ ನಷ್ಟ ಹಲವು ಪಟ್ಟು.

ಸಮುದಾಯ ಬಂಡವಾಳ ನಿಧಿ ಬೇರೆ. ಅದು ಒಕ್ಕೂಟಕ್ಕೆ ಬಂದು, ಅಲ್ಲಿಂದ ಸಂಘಗಳಿಗೆ ಸಾಲವಾಗಿ ಸಿಗುತ್ತದೆ. ಒಂದು ಸಂಘಕ್ಕೆ ಗರಿಷ್ಠ 2.5 ಲಕ್ಷ ರೂಪಾಯಿ. ಇದು ಸಹಾಯಧನ ಎಂದು ತಿಳಿದು ಕಟ್ಟದೆ ಬಿಟ್ಟವರಿದ್ದಾರೆ. ನೀವು ಕಟ್ಟದಿದ್ದರೆ ನಿಲ್ಲುವುದು ಪಕ್ಕದ ಕೇರಿಯ ಸಂಘಕ್ಕೆ ಹೋಗಬೇಕಾದ ದುಡ್ಡು.

ಇದನ್ನು ಪಡೆಯಲು ಕಿರು ಸಾಲ ಯೋಜನೆ ಬರೆಯಬೇಕು. ಪ್ರತಿ ಮನೆಯ ಆದಾಯ, ಖರ್ಚು, ಹೊರಗಿನ ಸಾಲ, ಬೇಕಾದ ಮೊತ್ತ, ಏಕೆ ಬೇಕು, ಯಾವ ಆದಾಯದಿಂದ ಹೇಗೆ ಕಟ್ಟುತ್ತಾರೆ ಎಂಬುದನ್ನು ಸಭೆಯಲ್ಲೇ ಕೂತು ಬರೆದು, ಯಾರಿಗೆ ಮೊದಲು ಎಂದು ಸಂಘವೇ ಕ್ರಮ ಹಾಕುವ ಪಟ್ಟಿ ಇದು. ಕಣ್ಣೆದುರೇ ಬರೆಸುವುದರಿಂದ ಲಾಭವಿದೆ. ಮೀಟರ್ ಬಡ್ಡಿಯ ಸಾಲ ಇರುವ ಮನೆ ಯಾವುದೆಂದು ಎಲ್ಲರಿಗೂ ಗೊತ್ತಿರುತ್ತದೆ, ಆ ಸಾಲ ತೀರಿಸುವುದಕ್ಕೇ ಮೊದಲ ಹಣ ಕೊಡುವ ತೀರ್ಮಾನ ಸಂಘದಿಂದಲೇ ಬರುತ್ತದೆ. ಅದು ಒಳ್ಳೆಯ ತೀರ್ಮಾನ. ಹೊಸ ದಂಧೆಗೆ ಸಾಲ ಕೊಟ್ಟು ಹಳೆಯ ಬಡ್ಡಿ ಹಾಗೆಯೇ ಬಿಟ್ಟರೆ, ದಂಧೆಯ ಗಳಿಕೆಯನ್ನು ಆ ಬಡ್ಡಿಯೇ ನುಂಗುತ್ತದೆ.

6. ಬ್ಯಾಂಕ್ ಸಾಲ

ಸಂಘ ಕನಿಷ್ಠ ಆರು ತಿಂಗಳು ಸಕ್ರಿಯವಾಗಿರಬೇಕು. ಈ ಆರು ತಿಂಗಳನ್ನು ಎಣಿಸುವುದು ನಿಮ್ಮ ಪುಸ್ತಕದ ಪ್ರಕಾರ, ಖಾತೆ ತೆರೆದ ದಿನದಿಂದಲ್ಲ. ಖಾತೆ ತಡವಾಯಿತೆಂದು ಮತ್ತೆ ಆರು ತಿಂಗಳು ಕಾಯಿಸಿದರೆ ಇದನ್ನು ಹೇಳಿ.

ಮೊದಲ ಸಾಲ: ಸಂಘದ ಬಂಡವಾಳದ 6 ಪಟ್ಟು ಅಥವಾ ಕನಿಷ್ಠ 1.5 ಲಕ್ಷ ರೂಪಾಯಿ, ಯಾವುದು ಹೆಚ್ಚೋ ಅದು.
ಎರಡನೇ ಸಾಲ: ಬಂಡವಾಳದ 8 ಪಟ್ಟು ಅಥವಾ ಕನಿಷ್ಠ 3 ಲಕ್ಷ, ಯಾವುದು ಹೆಚ್ಚೋ ಅದು.
ಮೂರನೇ ಸಾಲ: ಕಿರು ಸಾಲ ಯೋಜನೆಯ ಆಧಾರದ ಮೇಲೆ ಕನಿಷ್ಠ 6 ಲಕ್ಷ.

ಬಂಡವಾಳ ಎಂದರೆ ಉಳಿತಾಯ ಮಾತ್ರವಲ್ಲ. ಸುತ್ತುನಿಧಿ, ಆಂತರಿಕ ಸಾಲದಿಂದ ಬಂದ ಬಡ್ಡಿ, ಬೇರೆ ಆದಾಯ ಎಲ್ಲ ಸೇರುತ್ತದೆ. ಮೇಲಿನ ಸಂಘ 26 ವಾರದಲ್ಲಿ 15,600 ಉಳಿಸಿ, 900 ಬಡ್ಡಿ ಗಳಿಸಿ, 20,000 ಸುತ್ತುನಿಧಿ ಪಡೆದಿದ್ದರೆ ಬಂಡವಾಳ 36,500. ಆರು ಪಟ್ಟು ಎಂದರೆ 2,19,000. ಉಳಿತಾಯವನ್ನಷ್ಟೇ ಹಿಡಿದರೆ 93,600 ಆಗಿ, ಕನಿಷ್ಠ ಮೊತ್ತವಾದ ಒಂದೂವರೆ ಲಕ್ಷಕ್ಕೆ ನಿಂತುಬಿಡುತ್ತದೆ. ಅರ್ಜಿಯಲ್ಲಿ ಬಂಡವಾಳದ ಕಾಲಂ ತುಂಬುವಾಗ ಪಕ್ಕದಲ್ಲೇ ಕೂತು ನೋಡಿ.

ಕಡತದಲ್ಲಿ ಇರಬೇಕಾದವು: ಸಾಲ ಕೇಳುವ ಠರಾವು (ಎಲ್ಲ ಸದಸ್ಯರ ಸಹಿಯೊಂದಿಗೆ), ಅರ್ಜಿ, ಸದಸ್ಯರೊಳಗಿನ ಒಪ್ಪಂದ ಪತ್ರ, ಕಿರು ಸಾಲ ಯೋಜನೆ, ಎಲ್ಲರ ಆಧಾರ್ ಮತ್ತು ಫೋಟೋ, ಉಳಿತಾಯ ಖಾತೆಯ ಪಾಸ್‌ಬುಕ್. ಪುಸ್ತಕಗಳನ್ನು ಪರಿಶೀಲನೆಗೆ ಒಯ್ಯಿರಿ, ಬಿಟ್ಟು ಬರಬೇಡಿ. ಶಾಖೆಯಲ್ಲಿ ಬ್ಯಾಂಕ್ ಸಖಿ ಇದ್ದರೆ ಈ ಕೆಲಸಕ್ಕೆಂದೇ ಇರುವವರು ಅವರು.

ನಿಮ್ಮ ಹಕ್ಕುಗಳು ಹೀಗಿವೆ. 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳುವಂತಿಲ್ಲ, ಮುಂಗಡ ಪಾಲು (ನಿಮ್ಮ ಕೈಯಿಂದ ಹಾಕುವ ಹಣ) ಕೇಳುವಂತಿಲ್ಲ. ಸಂಘದ ಉಳಿತಾಯ ಖಾತೆಯ ಹಣವನ್ನು ತಡೆಹಿಡಿಯುವಂತಿಲ್ಲ, ಠೇವಣಿ ಇಡಿ ಎಂದು ಒತ್ತಾಯಿಸುವಂತಿಲ್ಲ. ಸದಸ್ಯೆಯೊಬ್ಬರ ಗಂಡ ಟ್ರ್ಯಾಕ್ಟರ್ ಸಾಲ ಸುಸ್ತಿ ಮಾಡಿದ್ದಾನೆ ಎಂಬ ಕಾರಣಕ್ಕೆ ಇಡೀ ಸಂಘದ ಅರ್ಜಿಯನ್ನು ತಳ್ಳಿಹಾಕುವುದು ಸರಿಯಲ್ಲ, ಸಂಘವೇ ಸುಸ್ತಿಯಾಗಿಲ್ಲದಿದ್ದರೆ ಸಾಮಾನ್ಯವಾಗಿ ಅದು ಅಡ್ಡಿಯಾಗಬಾರದು ಎಂದೇ ರಿಸರ್ವ್ ಬ್ಯಾಂಕ್ ಹೇಳಿದೆ. ಆದರೆ ಆ ಬ್ಯಾಂಕಿಗೆ ಸುಸ್ತಿದಾರರಾದ ಸದಸ್ಯರಿಗೆ ಈ ಸಾಲದಿಂದ ಹಣ ಕೊಡುವಂತಿಲ್ಲ.

ಮಹಿಳಾ ಸಂಘಗಳಿಗೆ 3 ಲಕ್ಷದವರೆಗಿನ ಸಾಲ ವಾರ್ಷಿಕ ಶೇ. 7ರ ಬಡ್ಡಿಗೆ ಸಿಗಬೇಕು. ಮಂಜೂರಾತಿ ಪತ್ರದಲ್ಲಿ ಬೇರೆ ದರವಿದ್ದರೆ ಸಹಿ ಹಾಕುವ ಮೊದಲೇ ಕೇಳಿ.

ಸಾಲ ಎರಡು ರೂಪದಲ್ಲಿ ಬರುತ್ತದೆ. ಅವಧಿ ಸಾಲದಲ್ಲಿ ಒಟ್ಟಿಗೆ ಕೊಟ್ಟು ಕಂತಿನಲ್ಲಿ ವಸೂಲು ಮಾಡುತ್ತಾರೆ, ಮೊದಲನೆಯದಕ್ಕೆ 24ರಿಂದ 36 ತಿಂಗಳು. ಇನ್ನೊಂದು ನಗದು ಸಾಲ ಖಾತೆ, ಬ್ಯಾಂಕಿನವರ ಬಾಯಲ್ಲಿ ಸಿಸಿ. ಇದರಲ್ಲಿ ಮೂರು ವರ್ಷಕ್ಕೆ ಒಂದು ಮಿತಿ ಕೊಟ್ಟಿರುತ್ತಾರೆ, ಬೇಕಾದಾಗ ತೆಗೆದು ಬಂದಾಗ ಕಟ್ಟಬಹುದು, ತೆಗೆದಷ್ಟಕ್ಕೆ ಮಾತ್ರ ಬಡ್ಡಿ. ಶಿಸ್ತಿನ ಸಂಘಕ್ಕೆ ಸಿಸಿ ಅಗ್ಗ. ಆದರೆ ತಿಂಗಳಿಗೆ ಕನಿಷ್ಠ ಒಂದು ಬಾರಿಯಾದರೂ ಆ ತಿಂಗಳ ಬಡ್ಡಿ ತುಂಬುವಷ್ಟು ಜಮೆ ಆಗಲೇಬೇಕು, ಮಿತಿ ಮೀರಿದ ಬಾಕಿ 30 ದಿನ ದಾಟಬಾರದು. ದುಡ್ಡು ಪೂರ್ತಿ ತೆಗೆದು ವರ್ಷದ ಕೊನೆಗೆ ನೋಡೋಣ ಎಂದು ಬಿಟ್ಟರೆ ಸುಸ್ತಿ ಪಟ್ಟಿಗೆ ಸೇರುತ್ತೀರಿ.

ಬ್ಯಾಂಕ್ ಕಾರಣವಿಲ್ಲದೆ ಸತಾಯಿಸಿದರೆ ಲಿಖಿತ ಉತ್ತರ ಕೇಳಿ. ಒಕ್ಕೂಟದ ಮೂಲಕ ತಾಲ್ಲೂಕು ಮಟ್ಟದ ಬ್ಯಾಂಕರುಗಳ ಸಭೆಗೆ, ಅಲ್ಲಿಂದ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರಿಗೆ ವಿಷಯ ಮುಟ್ಟಿಸಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರಬಹುದು. ಮಾಹಿತಿಗೆ ರಿಸರ್ವ್ ಬ್ಯಾಂಕಿನ 14448ಕ್ಕೆ ಕರೆ ಮಾಡಿ.

7. ಸಾಲ ಹಂಚುವುದು, ದುಡಿಸುವುದು

ಸಮನಾಗಿ ಹಂಚಬೇಡಿ. ಒಂದೂವರೆ ಲಕ್ಷವನ್ನು ಹನ್ನೆರಡಕ್ಕೆ ಭಾಗಿಸಿದರೆ ತಲಾ 12,500. ಹಸು ತರುವವರಿಗೆ ಅದು ಸಾಲದು, ಬೇಡದವರಿಗೆ ಅದು ಹಬ್ಬದ ಖರ್ಚು. ಕಿರು ಸಾಲ ಯೋಜನೆಯ ಕ್ರಮದಂತೆ ನಾಲ್ಕೈದು ಮಂದಿಗೆ ಬೇಕಾದಷ್ಟು ಕೊಟ್ಟು, ಉಳಿದವರಿಗೆ ಮರುಪಾವತಿ ಬಂದಂತೆ ಕೊಡಿ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ತೆಗೆದುಕೊಳ್ಳುವ ಬೇನಾಮಿ ಸಾಲಕ್ಕೆ ಮಾತ್ರ ಯಾವ ಸಲಿಗೆಯೂ ಬೇಡ. ಹೆಸರು ಕೊಟ್ಟವರೇ ಕೊನೆಗೆ ಕಟ್ಟಬೇಕಾಗುತ್ತದೆ.

1.5 ಲಕ್ಷವನ್ನು ಶೇ. 7ರಂತೆ 24 ಸಮ ಅಸಲು ಕಂತಿನಲ್ಲಿ ಕಟ್ಟುವುದಾದರೆ ಮೊದಲ ತಿಂಗಳು 6,250 ಅಸಲು ಮತ್ತು ಸುಮಾರು 875 ಬಡ್ಡಿ, ಒಟ್ಟು 7,125. ಸದಸ್ಯರಿಗೆ ನೀವು ಶೇ. 12ಕ್ಕೆ ಕೊಟ್ಟರೆ ನಡುವಿನ ವ್ಯತ್ಯಾಸ ಸಂಘದ ಬಂಡವಾಳಕ್ಕೆ ಸೇರುತ್ತದೆ.

ಕಂತು ದಂಧೆಯ ಗಳಿಕೆಗೆ ಹೊಂದಬೇಕು. ಹಸುವಿನ ಹಾಲಿನ ಬಟವಾಡೆ ಡೈರಿಯಿಂದ ತಪ್ಪದೆ ಬರುತ್ತದೆ, ತಿಂಗಳ ಕಂತಿಗೆ ಸರಿ. ಆದರೆ ಕರು ಹಾಕುವ ಮೊದಲು ಸುಮಾರು ಎರಡು ತಿಂಗಳು ಹಾಲು ಬತ್ತಿಸಲೇಬೇಕು, ಆ ಕಂತುಗಳಿಗೆ ಮೊದಲೇ ಎತ್ತಿಡಿ. ಕುರಿಮರಿ ಕೊಬ್ಬಿಸಿ ಮಾರುವವರಿಗೆ ನಾಲ್ಕಾರು ತಿಂಗಳು ಕೈಗೆ ಕಾಸು ಬರುವುದಿಲ್ಲ, ಕೂಲಿಯ ದುಡ್ಡಿನಿಂದ ಕಂತು ಕಟ್ಟಬಲ್ಲರೇ ಎಂದು ಕೇಳಿಯೇ ಕೊಡಿ. ರೊಟ್ಟಿ, ಚಟ್ನಿಪುಡಿ, ಹಪ್ಪಳ ಮಾಡುವವರಿಗೆ ಆಹಾರ ಸುರಕ್ಷತೆ ಪ್ರಾಧಿಕಾರದ ನೋಂದಣಿ ಬೇಕು. ಅದಿಲ್ಲದೆ ಅಂಗಡಿಯವರು ಪೊಟ್ಟಣ ಇಟ್ಟುಕೊಳ್ಳುವುದಿಲ್ಲ.

ಕೆಲಸ ಕಲಿಯದೆ ಸಾಲ ತೆಗೆಯಬೇಡಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಈಗ ಜಿಲ್ಲೆಗಳಲ್ಲಿ ಬ್ಯಾಂಕುಗಳು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತವೆ. ಹೈನುಗಾರಿಕೆ, ಹೊಲಿಗೆ, ಬ್ಯೂಟಿ ಪಾರ್ಲರ್, ಅಣಬೆ ಇತ್ಯಾದಿ ತರಬೇತಿ ಊಟ ವಸತಿ ಸಹಿತ ಉಚಿತ. ಯಾವ ತಿಂಗಳು ಯಾವ ತಂಡ ಎಂಬುದನ್ನು ಒಕ್ಕೂಟದಲ್ಲಿ ಕೇಳಿ, ಸಾಲ ಮಂಜೂರಾಗುವ ಮೊದಲೇ ತರಬೇತಿ ಮುಗಿಸಿಕೊಳ್ಳಿ.

8. ವರ್ಷ ತುಂಬಿದ ಮೇಲೆ

ಪ್ರತಿ ಸದಸ್ಯೆಗೂ ಎರಡು ವಿಮೆ ಮಾಡಿಸಿ. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಸೇರಲು ವಯಸ್ಸು 18ರಿಂದ 50. ಸುರಕ್ಷಾ ವಿಮೆಗೆ 20 ರೂಪಾಯಿ, 18ರಿಂದ 70. ಮೊದಲನೆಯದು ಯಾವುದೇ ಸಾವಿಗೆ, ಎರಡನೆಯದು ಅಪಘಾತದ ಸಾವಿಗೆ ತಲಾ 2 ಲಕ್ಷ. ಕಂತು ಮೇ ಕೊನೆಯಲ್ಲಿ ಸದಸ್ಯೆಯ ಸ್ವಂತ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಆಗ ಖಾತೆಯಲ್ಲಿ ಹಣವಿಲ್ಲದಿದ್ದರೆ ವಿಮೆ ಸದ್ದಿಲ್ಲದೆ ನಿಂತುಹೋಗುತ್ತದೆ, ಮನೆಯವರಿಗೆ ಗೊತ್ತಾಗುವುದು ಸಾವಾದ ಮೇಲೆ. ಮೇ ಮೂರನೇ ವಾರದ ಸಭೆಯಲ್ಲಿ ಎಲ್ಲರ ಪಾಸ್‌ಬುಕ್ ನೋಡುವುದನ್ನು ಸಂಘದ ನಿಯಮವನ್ನೇ ಮಾಡಿಕೊಳ್ಳಿ.

ಮಾರ್ಚ್ ಕೊನೆಗೆ ಲೆಕ್ಕ ಮುಗಿಸಿ ಒಕ್ಕೂಟದ ಮೂಲಕ ಲೆಕ್ಕ ಪರಿಶೋಧನೆ ಮಾಡಿಸಿ. ಲಾಭ ಹಂಚಿಕೊಳ್ಳುವ ಆತುರ ಬೇಡ, ಎರಡನೇ ಸಾಲ ಬಂಡವಾಳದ ಎಂಟು ಪಟ್ಟು ಎಂಬುದು ನೆನಪಿರಲಿ. ಸದಸ್ಯೆ ಸಂಘ ಬಿಟ್ಟರೆ ಅಥವಾ ತೀರಿಕೊಂಡರೆ ಅವರ ಉಳಿತಾಯ, ಲಾಭದ ಪಾಲು, ಬಾಕಿ ಸಾಲ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು, ಸಭೆಯಲ್ಲಿ ಓದಿ, ಅವರು ಅಥವಾ ಅವರ ನಾಮಿನಿ ಸಹಿ ಹಾಕಿದ ಮೇಲೆಯೇ ಹಣ ಕೊಡಿ. ಹೊಸಬರನ್ನು ಸೇರಿಸಿಕೊಂಡರೆ ಆ ಠರಾವಿನ ಪ್ರತಿಯನ್ನು ಅದೇ ವಾರ ಬ್ಯಾಂಕಿಗೆ ಮುಟ್ಟಿಸಿ. ಶಾಖೆಯ ಪಟ್ಟಿಯಲ್ಲಿ ಹಳೆಯ ಹೆಸರು, ನಿಮ್ಮ ಪುಸ್ತಕದಲ್ಲಿ ಹೊಸ ಹೆಸರು ಇದ್ದರೆ ಎರಡನೇ ಸಾಲದ ಕಡತ ಅಲ್ಲೇ ನಿಲ್ಲುತ್ತದೆ.